ಹೊಟ್ಟೇ ಜರಡಿ: ಮನೆಬಿಯರಿನ ಸೋಸುಪಾತ್ರೆಗಳ ಕುರಿತು ಒಂದು ಟಿಪ್ಪಣಿ

ಕಾಳಿನಿಂದಲೇ ಶುರುಮಾಡಿ ಮನೆಯಲ್ಲಿ ಬಿಯರ್ ತಯಾರಿಸುವವರು ತಾವೇ ಮಾಡಿಕೊಂಡ ಸಲಕರಣೆಗಳನ್ನು, ದೇಶಕಾಲಗಳ ಭೇದವಿಲ್ಲದೆ, ಒಂದು ಜಗಲಿಯ ಮೇಲೆ ಸಾಲಾಗಿ ಇಟ್ಟೆವೆಂದುಕೊಳ್ಳೋಣ. ಫಿನ್ಲೆಂಡಿನ ಹಳ್ಳಿಯಿಂದ ಬಂದ, ದೋಣಿಯಂತೆ ಕೊರೆದ ಮರದ ದಿಮ್ಮಿ. ಅಮೆರಿಕದ, ತಳಕ್ಕೆ ನೂರಾರು ತೂತು ಹೊಡೆದ ಪ್ಲಾಸ್ಟಿಕ್ ಬಕೆಟ್ಟು. ಅಡಿಯಲ್ಲಿ ಸ್ಟೀಲಿನ ಹೆಣಿಗೆಯ ತುಂಡೊಂದನ್ನು ಕೂರಿಸಿದ ಪಿಕ್ನಿಕ್ ಐಸ್‌ಪೆಟ್ಟಿಗೆ. ಆಸ್ಟ್ರೇಲಿಯದ ಬಟ್ಟೆಯ ಚೀಲ. ಉಗಾಂಡದ, ಮೊಣಕೈಗಿಂತ ಎಷ್ಟೋ ಉದ್ದವಾದ ಹೀರುಗೊಳವೆ. ನೋಡಲು ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಇವೆಲ್ಲ ಒಂದೇ ಕೆಲಸಕ್ಕೆ ಹುಟ್ಟಿದವು: ಬೆಂದ ಕಾಳಿನಿಂದ ಸಿಹಿ ನೀರನ್ನು ಬೇರ್ಪಡಿಸುವುದು. ಯಾವ ನಾಡಿನಲ್ಲಿ ಯಾವ ಪಾತ್ರೆ ಹುಟ್ಟಿತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಆ ನಾಡಿನ ಕಾಳಿಗೆ ಹೊಟ್ಟು ಇದೆಯೇ ಇಲ್ಲವೇ ಎಂಬ ಸಂಗತಿ. ಈ ಟಿಪ್ಪಣಿಯ ವಾದ ಇಷ್ಟೇ. ಬಿಯರಿನ ಚರಿತ್ರೆ ಬರೆದವರು ಯೀಸ್ಟಿಗೂ ಹಾಪ್ಸಿಗೂ ಕೊಟ್ಟ ಗಮನವನ್ನು ಹೊಟ್ಟಿಗೆ ಕೊಟ್ಟಿಲ್ಲ ಎಂಬುದು ನನ್ನ ದೂರು.

ಮೊದಲು ಕಾಳಿನ ಕಡೆ ನೋಡೋಣ. ನಮ್ಮ ಕಣದಲ್ಲಿ ರಾಗಿಯನ್ನು ಒಕ್ಕಿ ತೂರಿದರೆ ಹೊಟ್ಟು ಗಾಳಿಗೆ ಹೋಗಿ ಕಾಳು ಬೆತ್ತಲಾಗಿ ಕಾಲಬುಡದಲ್ಲಿ ಬೀಳುತ್ತದೆ. ಗೋಧಿಯದೂ ಅದೇ ಗುಣ. ಭತ್ತ ಹಾಗಲ್ಲ, ಅದರ ಹೊಟ್ಟು ಕುಟ್ಟಿದರಷ್ಟೇ ಬಿಡುತ್ತದೆ. ಬಾರ್ಲಿ, ಅಂದರೆ ಜವೆಗೋಧಿ, ಹೆಸರಿನಲ್ಲಿ ಗೋಧಿಯಾದರೂ ಈ ವಿಷಯದಲ್ಲಿ ಭತ್ತದ ಬಂಧು. ಒಕ್ಕಣೆಯಾದ ಮೇಲೂ ಹೊಟ್ಟು ಕಾಳಿಗೆ ಅಂಟಿಕೊಂಡೇ ಉಳಿಯುತ್ತದೆ. ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡಿದ ಮೇಲೂ ಬಿಡುವುದಿಲ್ಲ. ಯುರೋಪಿನಲ್ಲಿ ಬಾರ್ಲಿಯೇ ಬಿಯರಿನ ಧಾನ್ಯವಾದದ್ದಕ್ಕೆ ಕಾರಣಗಳು ಹಲವು. ರೊಟ್ಟಿಗೆ ಗೋಧಿ ಬೇಕಾಗಿತ್ತು ಎಂಬುದೂ ಅವುಗಳಲ್ಲಿ ಒಂದು. ಆದರೆ ಒಲೆಯ ಮುಂದೆ ನಿಂತು ಸೋಸುವವನಿಗೆ ಮುಖ್ಯವಾದ ಕಾರಣ, ಬಾರ್ಲಿ ತನ್ನ ಜರಡಿಯನ್ನು ತಾನೇ ಹೊತ್ತು ತರುತ್ತದೆ ಎಂಬುದು.

ಅದಕ್ಕೇ ಮಾಲ್ಟನ್ನು ಹಿಟ್ಟು ಮಾಡುವುದಿಲ್ಲ, ನುಚ್ಚು ಮಾಡುತ್ತಾರೆ. ಒಳಗಿನ ತಿರುಳು ಒಡೆಯಬೇಕು, ಹೊರಗಿನ ಹೊಟ್ಟು ಆದಷ್ಟೂ ಇಡಿಯಾಗಿ ಉಳಿಯಬೇಕು. ಎರಡು ಉರುಳೆಗಳ ನಡುವೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸಂದು ಬಿಟ್ಟು ಒಡೆಯುವುದು ಮನೆಬಿಯರಿನವರ ಸಾಮಾನ್ಯ ರೂಢಿ. ಉರುಳೆಯ ಗಿರಣಿ ಇಲ್ಲದವರು ಕೊಲಂಬಿಯದಲ್ಲಿ ಮೆಕ್ಕೆಜೋಳ ಬೀಸಲೆಂದು ಮಾಡಿದ ಕೊರೊನಾ ಕೈಗಿರಣಿಯನ್ನು ಸಡಿಲಗೊಳಿಸಿ ಬಳಸಿದ್ದಾರೆ. ಒಡೆಯುವ ಮುನ್ನ ಮಾಲ್ಟಿಗೆ ಚೂರು ನೀರು ಚಿಮುಕಿಸಿ ಕೈಯಾಡಿಸುವವರೂ ಇದ್ದಾರೆ. ಬೇಳೆ ಒಡೆಯುವ ಮುನ್ನ ಕಾಳಿಗೆ ನೀರು ಹಾಕಿ ಹದ ಮಾಡುವುದನ್ನು ಕಂಡ ನಮಗೆ ಇದು ಹೊಸದಲ್ಲ. ಒದ್ದೆಯಾದ ಹೊಟ್ಟು ಬಾಗುತ್ತದೆ, ಪುಡಿಯಾಗುವುದಿಲ್ಲ.

ಮುಂದಿನದು ಮ್ಯಾಶ್. ನುಚ್ಚನ್ನು ಬಿಸಿನೀರಿನಲ್ಲಿ ಕಲಸಿ ಒಂದು ಗಂಟೆ ಬಿಡುವುದು ಅಷ್ಟೆ. ಆದರೆ ಆ ಒಂದು ಗಂಟೆ ಬಿಸಿ ಜಾರಬಾರದು. ಮೊಳಕೆಯೊಳಗೆ ಹುಟ್ಟಿದ ಅಮೈಲೇಸ್ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸುವ ಹೊತ್ತು ಇದು. ಅವುಗಳಲ್ಲಿ ಬೀಟಾ ಅಮೈಲೇಸ್ 60ರಿಂದ 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಆಲ್ಫಾ ಅಮೈಲೇಸ್ 70ರ ಆಸುಪಾಸಿನಲ್ಲಿ ಚುರುಕು. ಎರಡಕ್ಕೂ ಒಪ್ಪುವಂತೆ 65ರಿಂದ 68ರಲ್ಲಿ ನಿಲ್ಲಿಸುವುದು ರೂಢಿ. ಕಡಿಮೆಯಾದರೆ ಬಿಯರ್ ತೆಳು, ಹೆಚ್ಚಾದರೆ ಮಂದ. 20 ಲೀಟರ್ ಬಿಯರಿಗೆ ಐದು ಕಿಲೋ ಮಾಲ್ಟ್, ಕಿಲೋಗೆ ಮೂರು ಲೀಟರಿನಂತೆ 15 ಲೀಟರ್ ನೀರು ಎಂದುಕೊಳ್ಳಿ. ಮಾಲ್ಟ್ 25 ಡಿಗ್ರಿಯಲ್ಲಿದ್ದು ಮ್ಯಾಶ್ 67ರಲ್ಲಿ ನಿಲ್ಲಬೇಕಾದರೆ ನೀರು ಸುಮಾರು 73 ಡಿಗ್ರಿ ಇರಬೇಕು. ಚಳಿನಾಡಿನಲ್ಲಿ ಮಾಲ್ಟ್ 10 ಡಿಗ್ರಿಯಲ್ಲಿದ್ದರೆ 75 ಬೇಕು. ಕಾಳಿನ ಉಷ್ಣಗ್ರಹಣ ನೀರಿನದಕ್ಕಿಂತ ತೀರ ಕಡಿಮೆಯಾದ್ದರಿಂದಲೇ ಲೆಕ್ಕ ಇಷ್ಟು ಹತ್ತಿರದಲ್ಲಿ ಮುಗಿಯುತ್ತದೆ. ಪಿಷ್ಟ ಮುಗಿಯಿತೇ ಎಂದು ತಿಳಿಯಲು ಬಿಳಿ ತಟ್ಟೆಯ ಮೇಲೆ ಒಂದು ತೊಟ್ಟು ರಸ, ಒಂದು ತೊಟ್ಟು ಅಯೋಡಿನ್. ಕಪ್ಪುನೀಲಿಗೆ ತಿರುಗಿದರೆ ಇನ್ನೂ ಕಾಯಬೇಕು.

ಇಲ್ಲಿಯವರೆಗಿನ ಕೆಲಸಕ್ಕೆ ಬಿಸಿ ಹಿಡಿದಿಡುವ ಪಾತ್ರೆಯಷ್ಟೇ ಸಾಕು. ನಿಜವಾದ ಪರೀಕ್ಷೆ ಸೋಸುವಾಗ.

1856ರಲ್ಲಿ ಫ್ರಾನ್ಸಿನ ಡಿಜಾನ್ ನಗರದ ನೀರು ಸರಬರಾಜಿನ ಮೇಲೆ ಹೆನ್ರಿ ಡಾರ್ಸಿ ಎಂಬ ಎಂಜಿನಿಯರ್ ಪ್ರಕಟಿಸಿದ ಗ್ರಂಥದಲ್ಲಿ ಮರಳಿನ ಪದರದ ಮೂಲಕ ನೀರು ಹರಿಯುವ ನಿಯಮವಿದೆ. ಮೇಲಿನ ಒತ್ತಡವೂ ಪದರದ ವಿಸ್ತಾರವೂ ಹೆಚ್ಚಿದಷ್ಟು ಹರಿವು ಹೆಚ್ಚು, ಪದರ ದಪ್ಪವಾದಷ್ಟು ಹರಿವು ಕಡಿಮೆ. ಉಳಿದದ್ದು ಆ ಪದರ ಎಷ್ಟು ಸಡಿಲವಾಗಿದೆ ಎಂಬುದರ ಮೇಲೆ. ಮ್ಯಾಶಿನ ಅಡಿಯಲ್ಲಿ ಕೂತ ಹೊಟ್ಟಿನ ಪದರಕ್ಕೂ ಇದೇ ನಿಯಮ. ಒಂದೇ ವ್ಯತ್ಯಾಸವೆಂದರೆ ಮರಳು ಒತ್ತಡಕ್ಕೆ ಜಗ್ಗುವುದಿಲ್ಲ, ಹೊಟ್ಟು ಜಗ್ಗುತ್ತದೆ. ಅವಸರಪಟ್ಟು ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಎಳೆತಕ್ಕೆ ಕಾಳಿನ ಹಾಸು ಕೆಳಗೆ ಒತ್ತಿಕೊಂಡು, ಸಂದುಗಳೆಲ್ಲ ಮುಚ್ಚಿ, ಹರಿವು ನಿಂತೇ ಹೋಗುತ್ತದೆ. ನಲ್ಲಿಯನ್ನು ಕಾಲುಭಾಗ ತೆರೆದವನ ಕೆಲಸ ಬೇಗ ಮುಗಿಯುತ್ತದೆ. ಮೊದಲು ಬರುವ ಕದಡಿದ ಒಂದೆರಡು ಲೀಟರನ್ನು ಮೆಲ್ಲಗೆ ಮೇಲೆಯೇ ಸುರಿಯಬೇಕು. ಸಣ್ಣ ಹಿಟ್ಟಿನ ಕಣಗಳನ್ನು ಹೊಟ್ಟೇ ಹಿಡಿದುಕೊಂಡು, ತುಸು ಹೊತ್ತಿನಲ್ಲಿ ರಸ ತಿಳಿಯಾಗುತ್ತದೆ. ಅಂದರೆ ಸೋಸುವುದು ತೂತುಗಳಲ್ಲ. ತೂತಿರುವ ತಳ ಹೊಟ್ಟನ್ನು ಎತ್ತಿಹಿಡಿಯುತ್ತದೆ, ಸೋಸುವುದು ಹೊಟ್ಟು. ಮನೆಯಲ್ಲಿ ಮಾಡಿದ ಒರಟು ಸಲಕರಣೆ ಕಾರ್ಖಾನೆಯ ಪಾತ್ರೆಯಷ್ಟೇ ತಿಳಿಯಾದ ರಸ ಕೊಡುವುದರ ಗುಟ್ಟು ಇದೇ.

ಸಿಹಿರಸ ಇಳಿದ ಮೇಲೂ ಕಾಳು ತನ್ನಲ್ಲಿ ಕಿಲೋಗೆ ಸುಮಾರು ಒಂದು ಲೀಟರ್ ಹಿಡಿದಿಟ್ಟುಕೊಂಡಿರುತ್ತದೆ. ಅದರಲ್ಲಿನ ಸಕ್ಕರೆಯನ್ನು ಬಿಡಿಸಲು ಮತ್ತೆ ಬಿಸಿನೀರು ಹಾಕಿ ತೊಳೆಯುವುದನ್ನು ಸ್ಪಾರ್ಜ್ ಎನ್ನುತ್ತಾರೆ. ಆ ನೀರು 77 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ಬಿಸಿ ಮಿತಿಮೀರಿ, ತೊಳೆದ ನೀರಿನ ಹುಳಿ ತಗ್ಗಿದರೆ ಹೊಟ್ಟಿನ ಒಗರು ಬಿಯರಿಗೆ ಇಳಿಯುತ್ತದೆ.

ಇಪ್ಪತ್ತನೇ ಶತಮಾನದ ಮನೆಸಲಕರಣೆಗಳು ಬಕೆಟ್ಟಿನಿಂದ ಶುರುವಾಗುವುದಕ್ಕೆ ಕಾನೂನು ಒಂದು ಕಾರಣ. ಬ್ರಿಟನ್ನಿನಲ್ಲಿ 1880ರಿಂದ ಮನೆಯಲ್ಲಿ ಬಿಯರ್ ಮಾಡಲು ಪರವಾನಗಿ ಬೇಕಾಗಿತ್ತು. ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗ್ 1963ರಲ್ಲಿ ಅದನ್ನು ತೆಗೆದುಹಾಕಿದರು. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಕೊನೆಗೊಂಡಾಗ ಮನೆಯ ವೈನಿಗೆ ಅವಕಾಶ ಸಿಕ್ಕಿತು, ಬಿಯರ್ ಬಿಟ್ಟುಹೋಯಿತು. ಅದು ಸರಿಯಾಗಲು 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಬೇಕಾಯಿತು. ಎಲ್ಲ ರಾಜ್ಯಗಳೂ ಒಪ್ಪಲು 2013ರವರೆಗೆ ಹಿಡಿಯಿತು. ಕೊನೆಗೆ ಬಂದವು ಅಲಬಾಮ ಮತ್ತು ಮಿಸಿಸಿಪ್ಪಿ. ಕಾನೂನು ಬಿಟ್ಟಿತು, ಆದರೆ ಹತ್ತಿಪ್ಪತ್ತು ಲೀಟರಿನ ಸೋಸುಪಾತ್ರೆಯನ್ನು ಮಾರುವವರು ಇರಲಿಲ್ಲ. ಹೆಚ್ಚಿನವರು ಡಬ್ಬಿಯಲ್ಲಿ ಸಿಗುವ ಮಾಲ್ಟ್ ಪಾಕವನ್ನು ನೀರಿಗೆ ಕಲಸಿ ಹುದುಗಿಸುತ್ತಿದ್ದರು. ಕಾಳಿನಿಂದಲೇ ಮಾಡಬೇಕೆಂದವರು ಪಾತ್ರೆಯನ್ನೂ ತಾವೇ ಮಾಡಿಕೊಳ್ಳಬೇಕಾಯಿತು.

ಚಾರ್ಲಿ ಪಪೇಜಿಯನ್ ಅವರು 1984ರ ತಮ್ಮ ಪುಸ್ತಕದಲ್ಲಿ ತೋರಿಸಿದ ದಾರಿ ಎಲ್ಲಕ್ಕಿಂತ ಅಗ್ಗದ್ದು: ಎರಡು ಬಕೆಟ್ಟು, ಒಂದರ ತಳಕ್ಕೆ ನೂರಾರು ತೂತು, ಅದನ್ನು ಇನ್ನೊಂದರೊಳಗೆ ಕೂರಿಸುವುದು, ಹೊರಗಿನದಕ್ಕೆ ನಲ್ಲಿ. ಇದು ಸೋಸುತ್ತದೆ, ಬಿಸಿ ಹಿಡಿಯುವುದಿಲ್ಲ. ಪಿಕ್ನಿಕ್ ಐಸ್‌ಪೆಟ್ಟಿಗೆ ಆ ಕೊರತೆ ತುಂಬಿತು. ತಂಪನ್ನು ಒಳಗಿಡುವ ಗೋಡೆ ಬಿಸಿಯನ್ನೂ ಒಳಗಿಡುತ್ತದೆ. ಮುಚ್ಚಳ ಹಾಕಿಟ್ಟ ತುಂಬಿದ ಪೆಟ್ಟಿಗೆ ಒಂದು ಗಂಟೆಯಲ್ಲಿ ಒಂದೆರಡು ಡಿಗ್ರಿಗಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ. ಮೀನು, ತಂಪು ಪಾನೀಯ ಒಯ್ಯಲೆಂದು ಮಾಡಿದ ಒಂದು ವಸ್ತು ಹೀಗೆ ಸಾವಿರಾರು ಅಡುಗೆಮನೆಗಳಲ್ಲಿ ಮ್ಯಾಶಿನ ಪಾತ್ರೆಯಾಯಿತು.

ಪೆಟ್ಟಿಗೆಯ ತಳದಲ್ಲಿ ಏನನ್ನು ಇಡಬೇಕು ಎಂಬ ಚರ್ಚೆ ಇಲ್ಲಿ ಸ್ವಾರಸ್ಯಕರವಾಗುತ್ತದೆ. ಲೋಹವಿಜ್ಞಾನಿ ಜಾನ್ ಪಾಮರ್ ತಾಮ್ರದ ಕೊಳವೆಗಳಿಗೆ ಗರಗಸದಿಂದ ಸೀಳು ಹಾಕಿ, ಆಯತಾಕಾರವಾಗಿ ಜೋಡಿಸಿ, ಪೆಟ್ಟಿಗೆಯ ತಳದಲ್ಲಿಡುವ ವಿಧಾನವನ್ನು ವಿವರವಾಗಿ ಬರೆದರು. ಮೇಲಿನಿಂದ ನೀರು ಸುರಿಯುತ್ತಾ ಕೆಳಗಿನಿಂದ ಬಸಿಯುತ್ತಾ ಹೋಗುವಾಗ ನೀರು ಹತ್ತಿರದ ದಾರಿ ಹಿಡಿಯುತ್ತದೆ. ಮೂಲೆಯ ಕಾಳು ತೊಳೆಯದೆ ಉಳಿದು, ನಡುವಿನ ಕಾಳು ಅತಿಯಾಗಿ ತೊಳೆದುಹೋಗುತ್ತದೆ. ಕೊಳವೆಗಳ ನಡುವಿನ ಅಂತರವನ್ನು ಲೆಕ್ಕಹಾಕಿ ಇಟ್ಟರೆ ಈ ಅಸಮತೆ ತಗ್ಗುತ್ತದೆ ಎಂಬುದು ಅವರ ಕಾಣಿಕೆ. ಆರೆಗಾನ್ ರಾಜ್ಯದ ಡೆನ್ನಿ ಕಾನ್ ಇನ್ನೊಂದು ತುದಿಯಿಂದ ಹಿಡಿದರು. ಸಿಂಕಿನ ನಲ್ಲಿಗೆ ನೀರು ತರುವ ಕೊಳವೆಯ ಮೇಲೆ ಸ್ಟೀಲಿನ ಹೆಣಿಗೆಯಿರುತ್ತದಲ್ಲ, ಒಳಗಿನ ರಬ್ಬರನ್ನು ಎಳೆದು ತೆಗೆದು ಆ ಹೆಣಿಗೆಯೊಂದನ್ನೇ ತಳದಲ್ಲಿಟ್ಟರು. ನೀರನ್ನು ಹನಿಹನಿಯಾಗಿ ಸುರಿಯದೆ ಒಂದೇ ಸಲ ಹಾಕಿ, ಚೆನ್ನಾಗಿ ಕದಡಿ, ಪೂರ್ತಿ ಬಸಿದರು. ಕದಡಿದ ಮೇಲೆ ಪಾತ್ರೆಯ ಎಲ್ಲೆಡೆ ಒಂದೇ ಸಿಹಿ, ಆದ್ದರಿಂದ ನೀರು ಯಾವ ದಾರಿ ಹಿಡಿದರೂ ನಷ್ಟವಿಲ್ಲ. ಪಾಮರ್ ಅವರ ಲೆಕ್ಕ ತಪ್ಪಲ್ಲ. ಕಾನ್ ಆ ಲೆಕ್ಕವೇ ಬೇಡವಾಗುವಂತೆ ಕೆಲಸದ ಕ್ರಮವನ್ನು ಬದಲಿಸಿದರು. ಮನೆಯ ಸಲಕರಣೆಗಳ ಚರಿತ್ರೆಯಲ್ಲಿ ಇದಕ್ಕಿಂತ ಚೊಕ್ಕವಾದ ಹೆಜ್ಜೆಯನ್ನು ನಾನು ಕಂಡಿಲ್ಲ. ಇಬ್ಬರ ಪೆಟ್ಟಿಗೆಯಲ್ಲೂ ಸೋಸಿದ್ದು ಹೊಟ್ಟೇ ಎಂಬುದನ್ನು ಮಾತ್ರ ಮರೆಯಬಾರದು. ಗೋಧಿ, ಓಟ್ಸ್, ರೈ ಹೆಚ್ಚಿದ್ದರೆ ಅಮೆರಿಕದ ಮನೆಬಿಯರಿನವರು ಅಂಗಡಿಯಿಂದ ಭತ್ತದ ಹೊಟ್ಟು ಕೊಂಡು ತಂದು ಮ್ಯಾಶಿಗೆ ಬೆರೆಸುತ್ತಾರೆ. ನಮ್ಮಲ್ಲಿ ಇಟ್ಟಿಗೆಗೂಡಿಗೆ ಹೋಗುವ ವಸ್ತು ಅಲ್ಲಿ ಪೊಟ್ಟಣದಲ್ಲಿ ಮಾರಾಟವಾಗುತ್ತದೆ. ರುಚಿಗಲ್ಲ, ಸಕ್ಕರೆಗಲ್ಲ, ಬರೀ ಹಾಸು ಸಡಿಲವಾಗಿರಲೆಂದು.

2000ದ ದಶಕದಲ್ಲಿ ಆಸ್ಟ್ರೇಲಿಯದವರು ಜನಪ್ರಿಯಗೊಳಿಸಿದ ಚೀಲದ ವಿಧಾನ ಹೊಟ್ಟಿನ ಮೇಲಿನ ಅವಲಂಬನೆಯನ್ನು ಸಡಿಲಿಸಿತು. ಒಂದೇ ಹಂಡೆ, ಅದರೊಳಗೆ ತೆಳುಬಟ್ಟೆಯ ದೊಡ್ಡ ಚೀಲ, ಚೀಲದೊಳಗೆ ನುಚ್ಚು. ಗಂಟೆ ಕಳೆದ ಮೇಲೆ ಚೀಲ ಎತ್ತಿ ತೂಗುಹಾಕಿದರೆ ಮುಗಿಯಿತು. ಬಟ್ಟೆಯ ಸುತ್ತಲೂ ಸೋಸುವ ಜಾಗ ಸಿಗುವುದರಿಂದ, ನುಚ್ಚು ಸಣ್ಣದಾದರೂ ಅಡ್ಡಿಯಿಲ್ಲ. ವಸ್ತ್ರಗಾಳಿತ ಎಂಬ ಪದ ಬಲ್ಲ ನಾಡಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಫಿನ್ಲೆಂಡಿನ ಸಾಹ್ತಿ ಎಂಬ ಹಳ್ಳಿಬಿಯರಿನ ಸಲಕರಣೆ ಇವೆಲ್ಲಕ್ಕಿಂತ ಹಳೆಯದು. ಅದನ್ನು ಉದ್ದೇಶಪೂರ್ವಕವಾಗಿ ಇಲ್ಲಿಯವರೆಗೆ ತಡೆದಿಟ್ಟಿದ್ದೇನೆ. ಸಾಹ್ತಿಗೆ 2002ರಲ್ಲಿ ಐರೋಪ್ಯ ಒಕ್ಕೂಟ ಸಾಂಪ್ರದಾಯಿಕ ಉತ್ಪನ್ನವೆಂಬ ರಕ್ಷಣೆ ಕೊಟ್ಟಿದೆ. ಬಾರ್ಲಿ ಮಾಲ್ಟಿನ ಜೊತೆ ರೈ ಸೇರುತ್ತದೆ. ರಸವನ್ನು ಸಾಮಾನ್ಯವಾಗಿ ಕುದಿಸುವುದಿಲ್ಲ. ಹುದುಗಿಸುವುದು ಬ್ರೆಡ್ಡಿನ ಯೀಸ್ಟಿನಿಂದ. ಕೆಲವೇ ವಾರಗಳಲ್ಲಿ ಕುಡಿದು ಮುಗಿಸಬೇಕಾದ, ದಟ್ಟ, ಮಬ್ಬು ಪಾನೀಯ. ಅದನ್ನು ಸೋಸುವ ತೊಟ್ಟಿಯ ಹೆಸರು ಕೂರ್ನಾ. ಮರದ ದಿಮ್ಮಿಯನ್ನು ಉದ್ದಕ್ಕೂ ಕೊರೆದು ಮಾಡಿದ್ದು. ತಳದಲ್ಲಿ ಅಡ್ಡಕಡ್ಡಿಗಳ ಏಣಿ, ಅದರ ಮೇಲೆ ರೈ ಹುಲ್ಲು ಅಥವಾ ಜುನಿಪರ್ ಗಿಡದ ಸೊಪ್ಪಿನ ಕಡ್ಡಿಗಳು, ಒಂದು ತುದಿಯಲ್ಲಿ ಬೆಣೆ ಹೊಡೆದ ತೂತು. ಈಗೀಗ ಸ್ಟೇನ್‌ಲೆಸ್ ಸ್ಟೀಲಿನ ಕೂರ್ನಾಗಳೂ ಇವೆ, ಆದರೆ ಆಕಾರ ಬದಲಾಗಿಲ್ಲ.

ಆಕಾರವೇ ಇಲ್ಲಿನ ಸಾಕ್ಷ್ಯ. ನಾರ್ವೆಯ ಹಳ್ಳಿಗಳಲ್ಲಿ ಸೋಸುವ ಪಾತ್ರೆ ಸಾಮಾನ್ಯವಾಗಿ ದುಂಡನೆಯ, ಆಳದ ಮರದ ಪೀಪಾಯಿ; ಅದರ ತಳದಲ್ಲೂ ಕಡ್ಡಿ ಮತ್ತು ಜುನಿಪರ್. 1969ರಲ್ಲಿ ಪ್ರಕಟವಾದ ಒಡ್ ನೂರ್ಲಾಂಡ್ ಅವರ ನಾರ್ವೆ ಬಿಯರ್ ಸಂಪ್ರದಾಯಗಳ ಅಧ್ಯಯನ, ಹಳ್ಳಿಹಳ್ಳಿಗಳಿಂದ ಪ್ರಶ್ನಾವಳಿಗೆ ಬಂದ ಉತ್ತರಗಳ ಮೇಲೆ ನಿಂತದ್ದು. ಈ ಪೀಪಾಯಿಗಳ ಬಗ್ಗೆ ತಿಳಿಯಬಯಸುವವರಿಗೆ ಇಂದಿಗೂ ಅದೇ ಮೊದಲ ಬಾಗಿಲು. ಫಿನ್ಲೆಂಡಿನವರು ಮಾತ್ರ ಪೀಪಾಯಿ ಬಿಟ್ಟು ದೋಣಿ ಏಕೆ ಹಿಡಿದರು? ಮರಗೆಲಸದ ರೂಢಿ ಎಂದು ಹೇಳಿಬಿಡಬಹುದು. ನನಗೆ ಅದರ ಹಿಂದೆ ರೈ ಕಾಣುತ್ತದೆ. ರೈ ಬೆತ್ತಲೆ ಕಾಳು, ಹೊಟ್ಟಿಲ್ಲ. ಮೇಲಾಗಿ ಅದರ ಜಿಗುಟಿನ ಅಂಶಗಳು ಬಿಸಿನೀರಿನಲ್ಲಿ ಕರಗಿ ರಸವನ್ನು ಲೋಳೆಯಂತೆ ಮಾಡುತ್ತವೆ. ಹೊಟ್ಟಿನ ಪಾಲು ಕಡಿಮೆಯಾದಾಗ ಡಾರ್ಸಿಯ ನಿಯಮ ಬಿಡುವ ದಾರಿ ಒಂದೇ: ಹಾಸನ್ನು ತೆಳುಗೊಳಿಸಿ ಅಗಲಿಸುವುದು. ಉದ್ದನೆಯ, ಆಳವಿಲ್ಲದ ತೊಟ್ಟಿ ಮಾಡುವುದು ಅದನ್ನೇ. ಹೊಟ್ಟು ಮಾಡದ ಕೆಲಸವನ್ನು ಹುಲ್ಲು ಮತ್ತು ಜುನಿಪರ್ ಮಾಡುತ್ತವೆ. ಇದು ನನ್ನ ಊಹೆಯೇ ಹೊರತು ಕೂರ್ನಾ ಕೊರೆದವರು ಬರೆದಿಟ್ಟ ಮಾತಲ್ಲ. ಆದರೆ ಪಾತ್ರೆಯ ಪ್ರತಿಯೊಂದು ಅಂಗವೂ ಈ ಊಹೆಗೆ ಹೊಂದುತ್ತದೆ.

ದೊಡ್ಡ ಪ್ರಮಾಣದಲ್ಲಿ ಇದೇ ಪಾಠವನ್ನು ನೈಜೀರಿಯ ಕಲಿಯಬೇಕಾಯಿತು. 1988ರಲ್ಲಿ ಅಲ್ಲಿನ ಸರ್ಕಾರ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಬಿಯರ್ ಕಾರ್ಖಾನೆಗಳು ಜೋಳಕ್ಕೆ ಹೊರಳಿದವು. ನಾವು ರೊಟ್ಟಿ ತಟ್ಟುವ ಅದೇ ಜೋಳ. ಜೋಳಕ್ಕೂ ಹೊಟ್ಟಿಲ್ಲ. ಹೊಟ್ಟಿನ ಹಾಸನ್ನೇ ನಂಬಿದ ಸೋಸುಪಾತ್ರೆಗಳಿಗಿಂತ, ಬಟ್ಟೆ ಹೊದಿಸಿದ ಹಲಗೆಗಳ ನಡುವೆ ತೆಳುವಾಗಿ ಹಿಂಡುವ ಯಂತ್ರಗಳು ಅದಕ್ಕೆ ಒಗ್ಗುತ್ತವೆ. ಆಸ್ಟ್ರೇಲಿಯದ ಚೀಲ ಮತ್ತು ಈ ಯಂತ್ರ ಅಕ್ಕತಂಗಿಯರು.

ಹೀಗೆ ನೋಡುತ್ತಾ ಬಂದಾಗ ರಾಗಿಯ ಪ್ರಶ್ನೆ ತಾನಾಗಿ ಎದುರು ನಿಲ್ಲುತ್ತದೆ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು 1965ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಇಲ್ಲಿನ ಮಾತು ಹುದುಗುವ ಮೊದಲಿನ ಹಂತಕ್ಕೇ ಸೀಮಿತ. ಆ ಹಂತವನ್ನು ಮಾತ್ರ ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ಬಲ್ಲರು. ರಾಗಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯ ಬೇರು ಉಜ್ಜಿ ಕೇರಿ, ಬೀಸುವುದು. ಇದು ಅಕ್ಷರಶಃ ಮಾಲ್ಟ್ ತಯಾರಿಕೆ. ಹೆಸರೂ ಈಗ ರಾಗಿ ಮಾಲ್ಟ್ ಎಂದೇ ನಿಂತಿದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು 1970 ಮತ್ತು 80ರ ದಶಕಗಳಲ್ಲಿ ಬೇರೆಬೇರೆ ಧಾನ್ಯಗಳ ಮೊಳಕೆಗುಣವನ್ನು ಹೋಲಿಸಿದರು. ಸಿರಿಧಾನ್ಯಗಳ ಸಾಲಿನಲ್ಲಿ ರಾಗಿಯ ಮೊಳಕೆಗೆ ಒಳ್ಳೆಯ ಅಮೈಲೇಸ್ ಬಲವಿದೆ ಎಂಬುದು ಅವರ ಕೆಲಸದಿಂದ ಗಟ್ಟಿಯಾಯಿತು. ಎಳೆಮಕ್ಕಳ ಆಹಾರಕ್ಕೆ ಇದರಿಂದ ಆದ ಉಪಕಾರ ದೊಡ್ಡದು. ಮೊಳಕೆ ಹಿಟ್ಟು ಗಂಜಿಯನ್ನು ತೆಳುಮಾಡುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು, ಹೆಚ್ಚು ಪುಷ್ಟಿ ಹಿಡಿಸಬಹುದು.

ಯಾರು ಬೇಕಾದರೂ ಇದನ್ನು ಒಲೆಯ ಬಳಿಯೇ ನೋಡಬಹುದು. ಸಾದಾ ರಾಗಿ ಹಿಟ್ಟಿನ ಗಟ್ಟಿ ಅಂಬಲಿ ಕಾಯಿಸಿ, ಇಳಿಸಿ, ಬೆರಳು ತಾಳಲಾರದಷ್ಟು ಬಿಸಿಯಿರುವಾಗಲೇ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಸೌಟಿನಿಂದ ನೀರಿನಂತೆ ಇಳಿಯತೊಡಗುತ್ತದೆ. ಘಮಕ್ಕೆಂದು ಚೆನ್ನಾಗಿ ಹುರಿದ ಮೊಳಕೆ ಹಿಟ್ಟಾದರೆ ಹೀಗಾಗದು. ಹುರಿದಾಗ ಕಿಣ್ವ ಸತ್ತಿರುತ್ತದೆ. ಕಪ್ಪು ಬಿಯರಿಗೆ ಬಳಸುವ ಸುಟ್ಟ ಮಾಲ್ಟು ತಾನಾಗಿ ಪಿಷ್ಟ ಒಡೆಯಲಾರದು ಎಂಬುದಕ್ಕೂ ಕಾರಣ ಇದೇ.

ಕಿಣ್ವವಿದೆ, ಸಿಹಿಯಿದೆ, ಹೊಟ್ಟಿಲ್ಲ. ಒಂದೆರಡು ಮಿಲಿಮೀಟರಿನ ಈ ದುಂಡುಕಾಳು ಒಡೆದರೆ ನಡುವೆ ಸಂದು ಉಳಿಸುವ ಏನೂ ಅದರಲ್ಲಿಲ್ಲ; ಬಕೆಟ್ಟಿನಲ್ಲಿ ಸೋಸಲು ಹೋದರೆ ತಳದಲ್ಲಿ ಕೆಸರಿನಂತೆ ಕೂತುಬಿಡುತ್ತದೆ. ನಮ್ಮ ಮನೆಗಳು ಇದಕ್ಕೆ ಎರಡು ಉತ್ತರ ಕಂಡುಕೊಂಡಿವೆ. ಕೂಸಿಗಾದರೆ ತೆಳುಬಟ್ಟೆಯಲ್ಲಿ ಶೋಧಿಸುವುದು; ದೊಡ್ಡವರಿಗಾದರೆ ಸೋಸದೆ ಅಂಬಲಿಯನ್ನು ಇಡಿಯಾಗಿ ಕುಡಿಯುವುದು. ರಾಗಿಯ ತವರಾದ ಪೂರ್ವ ಆಫ್ರಿಕದಲ್ಲಿ ಮೂರನೆಯ ಉತ್ತರವಿದೆ. ಉಗಾಂಡದ ತೇಸೊ ಜನರ ಅಜೊನ್ ರಾಗಿಯ ಬಿಯರು. ಹಿಟ್ಟಿನ ಸಮೇತ ಹುದುಗಿದ ಗಡಿಗೆಯನ್ನು ನಡುವೆ ಇಟ್ಟು, ಸುತ್ತ ಕೂತವರು ಉದ್ದನೆಯ ಕೊಳವೆಗಳಿಂದ ಹೀರುತ್ತಾರೆ. ಸೋಸುವ ಜರಡಿ ಪಾತ್ರೆಯ ತಳದಿಂದ ಕೊಳವೆಯ ತುದಿಗೆ ಬಂದಿದೆ. ಪ್ರಾಚೀನ ಮೆಸೊಪೊಟೇಮಿಯದ ಮುದ್ರೆಗಳಲ್ಲೂ ಗಡಿಗೆಯ ಸುತ್ತ ಕೂತು ಕೊಳವೆಯಿಂದ ಹೀರುವ ಜನರಿದ್ದಾರೆ.

ಪೂರ್ವ ನೇಪಾಳ, ಸಿಕ್ಕಿಂ, ಡಾರ್ಜಿಲಿಂಗ್‌ಗಳ ಲಿಂಬು ಜನರ ತೋಂಗ್ಬಾ ಕೂಡ ರಾಗಿಯದೇ, ಆದರೆ ಅಲ್ಲಿ ಮೊಳಕೆ ಇಲ್ಲ. ಬೇಯಿಸಿದ ಇಡೀ ರಾಗಿಗೆ ಮರ್ಚಾ ಎಂಬ ಹೆಪ್ಪಿನುಂಡೆ ಬೆರೆಸುತ್ತಾರೆ. ಪಿಷ್ಟ ಒಡೆಯುವುದು ಅದರಲ್ಲಿನ ಬೂಷ್ಟು, ಹುದುಗಿಸುವುದು ಅದರಲ್ಲಿನ ಯೀಸ್ಟು. ಕಾಳು ಒಡೆಯದೆ ಇಡಿಯಾಗಿಯೇ ಉಳಿದಿರುವುದರಿಂದ ಕೆಸರಾಗುವುದಿಲ್ಲ. ಹುದುಗಿದ ಕಾಳನ್ನು ಮರದ ಅಥವಾ ಬಿದಿರಿನ ಪಾತ್ರೆಗೆ ತುಂಬಿ, ಮೇಲೆ ಕುದಿಯುವ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು, ತುದಿ ಮುಚ್ಚಿ ಪಕ್ಕದಲ್ಲಿ ಸಣ್ಣ ತೂತು ಮಾಡಿದ ಬಿದಿರಿನ ಕೊಳವೆಯಿಂದ ಹೀರುತ್ತಾರೆ. ನೀರು ಮುಗಿದರೆ ಮತ್ತೆ ಬಿಸಿನೀರು. ಕಾಳಿನಲ್ಲಿ ಸಾರ ಇರುವವರೆಗೆ ಮೂರು ಸಲ, ನಾಲ್ಕು ಸಲ ಹೀಗೆ ನಡೆಯುತ್ತದೆ. ಡೆನ್ನಿ ಕಾನ್ ಐಸ್‌ಪೆಟ್ಟಿಗೆಯಲ್ಲಿ ಒಂದೇ ಸಲ ನೀರು ಹಾಕಿ, ಕದಡಿ, ಪೂರ್ತಿ ಬಸಿದರಲ್ಲ, ಅದೇ ತೊಳೆತ ಇಲ್ಲಿ ಹುದುಗಿದ ಮೇಲೆ, ಕುಡಿಯುವವನ ಕೈಯಲ್ಲಿ, ಅವನ ಬಾಯಿಯೇ ನಲ್ಲಿಯಾಗಿ ನಡೆಯುತ್ತದೆ.